ಎಫ್‌ಎಲ್‌ಪಿ ಪೆಟ್ಟಿಗೆಯೂ ಮಲೆನಾಡಿನ ಮಳೆಯೂ

‘ಸ್ಫೋಟ ನಿರೋಧಕ ವಿದ್ಯುತ್ ಉಪಕರಣಗಳ ತಪಾಸಣೆ ಮಾಡುತ್ತೇನೆ’ ಎಂದರೆ ಶಿವಮೊಗ್ಗದಲ್ಲಿ ಹೆಚ್ಚಿನವರ ಮನಸ್ಸು ನೇರವಾಗಿ 2021ರ ಜನವರಿಯ ಹುಣಸೋಡಿಗೆ ಹೋಗುತ್ತದೆ. ಅದು ಸ್ಫೋಟಕ ವಸ್ತುಗಳ ದುರಂತ. ನನ್ನ ಕೆಲಸ ಬೇರೆ. ಥಿನ್ನರ್, ಸ್ಪಿರಿಟ್, ಪೆಟ್ರೋಲ್, ಅಡುಗೆ ಅನಿಲ ಗಾಳಿಯಲ್ಲಿ ಬೆರೆಯಬಹುದಾದ ಜಾಗಗಳಲ್ಲಿನ ಸ್ವಿಚ್ಚು, ದೀಪ, ಮೋಟರು, ಜಂಕ್ಷನ್ ಬಾಕ್ಸುಗಳನ್ನು ನೋಡುವುದು. ಪೆಟ್ರೋಲ್ ಬಂಕಿನಿಂದ ಹಿಡಿದು ಬಣ್ಣ ಹೊಡೆಯುವ ಬೂತ್‌ವರೆಗೆ ಇಂಥ ಜಾಗಗಳು ನಮ್ಮ ಸುತ್ತ ಸಾಕಷ್ಟಿವೆ. ನನಗೆ ಹೆಚ್ಚು ಕೆಲಸ ಕೊಡುವುದು ಫೌಂಡ್ರಿಗಳು. ಅಚ್ಚಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಬೆರೆಸಿದ ಲೇಪ ಬಳಿದು, ಬೆಂಕಿ ತಾಗಿಸಿ ಒಣಗಿಸುವ ಕ್ರಮ ಹಲವು ಫೌಂಡ್ರಿಗಳಲ್ಲಿದೆ. ಬೇಕೆಂದೇ ಬೆಂಕಿ ಹಚ್ಚುವ ಜಾಗದಲ್ಲಿ ದುಬಾರಿ ದೀಪ ತೂಗುಹಾಕಿ ಪ್ರಯೋಜನವಿಲ್ಲ. ಲೇಪ ಕಲಸುವ, ಡ್ರಮ್ ಇಡುವ ಕೋಣೆಯೇ ಮುಖ್ಯ. ಕೆಲವು ಕಡೆ ಇದು ತಿರುವುಮುರುವಾಗಿರುವುದನ್ನೂ ನೋಡಿದ್ದೇನೆ.

ಈ ಕೋಣೆಗಳಲ್ಲಿ ಇರುವುದು ಬಹುಪಾಲು ಎಫ್‌ಎಲ್‌ಪಿ, ಅಂದರೆ ಫ್ಲೇಮ್‌ಪ್ರೂಫ್ ಪೆಟ್ಟಿಗೆಗಳು. ಆವಿ ಒಳಗೆ ಬಾರದಂತೆ ತಡೆಯುವುದು ಅವುಗಳ ಕೆಲಸ ಎಂದೇ ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ. ಆವಿ ಒಳಗೆ ಹೋಗಿಯೇ ಹೋಗುತ್ತದೆ, ಒಳಗಿನ ಕಿಡಿಗೆ ಅದು ಸ್ಫೋಟಿಸಲೂಬಹುದು ಎಂದು ಒಪ್ಪಿಕೊಂಡೇ ಪೆಟ್ಟಿಗೆ ಮಾಡಿರುತ್ತಾರೆ. ದಪ್ಪನೆಯ ಎರಕದ ಗೋಡೆ ಆ ಒತ್ತಡವನ್ನು ತಡೆದುಕೊಳ್ಳುತ್ತದೆ. ಮುಚ್ಚಳ ಮತ್ತು ಪೆಟ್ಟಿಗೆಯ ನುಣುಪಾದ ಲೋಹದ ಅಂಚುಗಳ ನಡುವಿನ ಕೂದಲೆಳೆಯಷ್ಟು ಸಂದಿಯಲ್ಲಿ ಹಾದು ಬರುವಷ್ಟರಲ್ಲಿ ಬಿಸಿ ಅನಿಲ ತಣಿದು, ಹೊರಗಿನ ಆವಿಗೆ ಬೆಂಕಿ ಹಚ್ಚುವ ಶಕ್ತಿ ಕಳೆದುಕೊಳ್ಳುತ್ತದೆ. ಆ ಅಂಚುಗಳ ನಡುವಿನ ದಾರಿಯೇ ಫ್ಲೇಮ್ ಪಾತ್. ಅದರ ಅಗಲ, ಉದ್ದ, ನುಣುಪು ಕೆಟ್ಟರೆ ಉಳಿದದ್ದು ಬರಿಯ ಭಾರವಾದ ಡಬ್ಬಿ.

ಈಗ ಮಲೆನಾಡಿನ ವಿಷಯ. ಇಲ್ಲಿ ಪೆಟ್ಟಿಗೆಯನ್ನು ಕೆಡಿಸುವುದು ಮಳೆಗಿಂತ ಹೆಚ್ಚಾಗಿ ಮಳೆಗೆ ಹೆದರಿ ಮಾಡಿದ ರಿಪೇರಿ. ಒಂದು ಫೌಂಡ್ರಿಯ ಲೇಪದ ಕೋಣೆಯ ಹೊರಗೋಡೆಯಲ್ಲಿದ್ದ ಜಂಕ್ಷನ್ ಬಾಕ್ಸ್ ದೂರದಿಂದ ಬಹಳ ಅಚ್ಚುಕಟ್ಟಾಗಿ ಕಂಡಿತು. ಹತ್ತಿರ ಹೋದಾಗ ಮುಚ್ಚಳದ ಅಂಚಿನಿಂದ ಕಪ್ಪು ರಬ್ಬರಿನ ಎಳೆಯೊಂದು ಹೊರಗೆ ಇಣುಕುತ್ತಿತ್ತು. ಬಿಚ್ಚಿ ನೋಡಿದರೆ ಸೈಕಲ್ ಟ್ಯೂಬನ್ನು ಮುಚ್ಚಳದ ಆಕಾರಕ್ಕೆ ಕತ್ತರಿಸಿ, ಬೋಲ್ಟುಗಳಿಗೆ ತೂತು ಹೊಡೆದು, ಎರಡು ಲೋಹದ ಅಂಚುಗಳ ನಡುವೆ ಕೂರಿಸಿದ್ದರು. ಕೈಕೆಲಸ ಮೆಚ್ಚುವಂತೆಯೇ ಇತ್ತು. ‘ಆಷಾಢದಲ್ಲಿ ಒಳಗೆ ನೀರು ನಿಲ್ಲುತ್ತಿತ್ತು ಸರ್, ಇದನ್ನು ಹಾಕಿದ ಮೇಲೆ ಒಂದು ಹನಿ ಬಂದಿಲ್ಲ’ ಎಂದರು ಅಲ್ಲಿನ ಹಿರಿಯ ಫಿಟ್ಟರ್. ಅವರ ಮಾತು ನಿಜವೇ. ಆದರೆ ಲೋಹಕ್ಕೆ ಲೋಹ ತಾಗಬೇಕಾದ ಕಡೆ ಒಂದು ಮಿಲಿಮೀಟರಿಗೂ ಮಿಕ್ಕಿದ ರಬ್ಬರ್ ಕುಳಿತಿತ್ತು. ಸ್ಫೋಟದ ಒತ್ತಡಕ್ಕೆ ಅದು ಹರಿದು ಹಾರಿಹೋದರೆ ಉಳಿಯುವುದು ಅಷ್ಟೇ ಅಗಲದ ಕಿಂಡಿ. ಎಷ್ಟು ಸಣ್ಣ ಸಂದಿಯಲ್ಲಿ ಜ್ವಾಲೆ ದಾಟುತ್ತದೆ ಎಂಬುದನ್ನು ನೋಡಿ ಅನಿಲಗಳನ್ನು 2ಎ, 2ಬಿ, 2ಸಿ ಎಂದು ಗುಂಪು ಮಾಡುತ್ತಾರೆ, 2ಸಿ ಎಲ್ಲಕ್ಕಿಂತ ಅಪಾಯದ್ದು. ಈ ಪೆಟ್ಟಿಗೆಯ ಮೇಲೆ 2ಬಿ ಗುಂಪು ಎಂದು ಕೊರೆದಿತ್ತು. ಆ ಗುಂಪಿನ ಅನಿಲಗಳ ಜ್ವಾಲೆ 0.9 ಮಿಲಿಮೀಟರ್ ಸಂದಿಯಲ್ಲೇ ದಾಟಿಬಿಡುತ್ತದೆ, ಕೆಲವು 0.5ರ ಹತ್ತಿರದಲ್ಲೇ. ಅದಕ್ಕಾಗಿಯೇ ನಾವು ಸಾಮಾನ್ಯವಾಗಿ ನೋಡುವ 2ಬಿ ಗುಂಪಿನ ಸಣ್ಣ ಪೆಟ್ಟಿಗೆಗಳಿಗೆ 0.2 ಮಿಲಿಮೀಟರಿನ ಮಿತಿ ಇಟ್ಟಿರುತ್ತಾರೆ. ಕೊನೆಯ ಮಾತು ಮಾತ್ರ ಆಯಾ ಪೆಟ್ಟಿಗೆಯ ಪ್ರಮಾಣಪತ್ರದ್ದು.

ಟ್ಯೂಬಿನ ತಮ್ಮಂದಿರು ಇನ್ನೂ ಇದ್ದಾರೆ. ಬಾತ್‌ರೂಮಿನ ಸಿಲಿಕೋನ್ ಸೀಲಂಟ್, ಎಂ-ಸೀಲ್, ಅಂಚಿನ ಸುತ್ತ ಬಳಿದ ಎನಾಮೆಲ್ ಬಣ್ಣ. ಇನ್ನೊಂದು, ಮಳೆ ಬೀಳದಂತೆ ಪೆಟ್ಟಿಗೆಗೆ ಒತ್ತಿ ಕೂರಿಸಿದ ತಗಡಿನ ಕೊಡೆ. ಅಂಚಿನಿಂದ ಹೊರಬರುವ ಅನಿಲಕ್ಕೆ ಎದುರಿಗೆ ಬಯಲು ಬೇಕು. 2ಎ ಗುಂಪಿಗೆ 10, 2ಬಿಗೆ 30, 2ಸಿಗೆ 40 ಮಿಲಿಮೀಟರ್ ದೂರದೊಳಗೆ ಗೋಡೆ, ಆ್ಯಂಗಲ್, ಪೈಪು, ತಗಡು ಯಾವುದೂ ಇರಬಾರದು. ಕೊಡೆ ಹಾಕಿ, ತೊಂದರೆಯಿಲ್ಲ, ಸ್ವಲ್ಪ ಎತ್ತರಿಸಿ ಹಾಕಿ ಎನ್ನುತ್ತೇನೆ.

ತಪಾಸಣೆಯನ್ನು ನಾನು ಕಾಗದದಿಂದ ಶುರು ಮಾಡುತ್ತೇನೆ. ಯಾವ ಕೋಣೆ ಝೋನ್ 1 (ಮಾಮೂಲಿ ಕೆಲಸದಲ್ಲೇ ಆಗಾಗ ಆವಿ ಸೇರಬಹುದಾದ ಜಾಗ), ಯಾವುದು ಝೋನ್ 2 (ಅಪರೂಪಕ್ಕೆ, ಸ್ವಲ್ಪ ಹೊತ್ತು ಮಾತ್ರ ಸೇರಬಹುದಾದ ಜಾಗ) ಎಂಬ ನಕ್ಷೆ ಇಲ್ಲದಿದ್ದರೆ ಉಳಿದ ಮಾತೆಲ್ಲ ಗಾಳಿಗೆ ಗುದ್ದಿದಂತೆ. ನಕ್ಷೆ ಹಿಡಿದು ಪೆಟ್ಟಿಗೆಯ ತಗಡಿನ ಫಲಕ ಓದುತ್ತೇನೆ: ಗುಂಪು, ತಾಪಮಾನದ ವರ್ಗ, ಪ್ರಮಾಣಪತ್ರದ ಸಂಖ್ಯೆ, ಪೆಸೊ (ಪೆಟ್ರೋಲಿಯಂ ಮತ್ತು ಸ್ಫೋಟಕಗಳ ಸುರಕ್ಷತೆ ನೋಡುವ ಕೇಂದ್ರ ಸರ್ಕಾರಿ ಸಂಸ್ಥೆ) ಅನುಮೋದನೆ. ಟಿ4 ಎಂದಿದ್ದರೆ ಮೇಲ್ಮೈ 135 ಡಿಗ್ರಿ ಸೆಲ್ಸಿಯಸ್ ದಾಟಬಾರದು, ಟಿ6 ಎಂದರೆ 85. ಫಲಕದ ಮೇಲೇ ಬಣ್ಣ ಹೊಡೆದಿರುವುದು ಎಷ್ಟು ಸಾಮಾನ್ಯವೆಂದರೆ, ಚೀಲದಲ್ಲಿ ಒಂದು ಬಾಟಲಿ ಪೇಂಟ್ ರಿಮೂವರ್ ಇಟ್ಟುಕೊಳ್ಳುತ್ತಿದ್ದೇನೆ. ಅದೂ ಹೊತ್ತಿಕೊಳ್ಳುವ ದ್ರವವೇ ಆದ್ದರಿಂದ ಕೋಣೆಯ ಹೊರಗೆ ಹತ್ತಿಯಲ್ಲಿ ಅದ್ದಿಕೊಂಡು ಬರುತ್ತೇನೆ.

ಕಣ್ಣಳತೆಯ ತಪಾಸಣೆ, ಹತ್ತಿರದ ತಪಾಸಣೆ, ಬಿಚ್ಚಿ ಮಾಡುವ ವಿವರವಾದ ತಪಾಸಣೆ ಎಂದು ಇಂಥ ಉಪಕರಣಗಳ ತಪಾಸಣೆಯ ಅಂತರರಾಷ್ಟ್ರೀಯ ಮಾನದಂಡವಾದ ಐಇಸಿ 60079-17 ಮೂರು ಹಂತ ಹೇಳುತ್ತದೆ. ಮೊದಲೆರಡನ್ನು ಕರೆಂಟ್ ಇದ್ದಾಗಲೇ ಮಾಡಬಹುದು. ಮೂರನೆಯದಕ್ಕೆ ಮೇನ್ ತೆಗೆದು, ಬೀಗ ಹಾಕಿ, ಬೀಗದ ಕೈಯನ್ನು ನನ್ನ ಜೇಬಿಗೆ ಹಾಕಿಕೊಳ್ಳುತ್ತೇನೆ. ಅದಾದ ಮೇಲೆ ಗ್ಯಾಸ್ ಮೀಟರ್. ಐಸೊಪ್ರೊಪೈಲ್ ಆಲ್ಕೋಹಾಲಿನ ಆವಿ ಗಾಳಿಗಿಂತ ಎರಡು ಪಟ್ಟು ಭಾರ, ಗಾಳಿಯಲ್ಲಿ ಶೇಕಡಾ 2ರಷ್ಟಾದರೆ ಹೊತ್ತಿಕೊಳ್ಳುತ್ತದೆ. ಎದೆಯ ಮಟ್ಟದಲ್ಲಿ ಮೀಟರ್ ಹಿಡಿದು ‘ಸೊನ್ನೆ’ ಎನ್ನುವವರನ್ನು ನಾನು ನಂಬುವುದಿಲ್ಲ. ನೆಲದ ಮೂಲೆ, ಕೇಬಲ್ ಟ್ರೆಂಚ್, ಚರಂಡಿಯ ಬಾಯಿಗೆ ಮೀಟರನ್ನು ಇಳಿಸಬೇಕು. ಅಲ್ಲಿಯೂ ಸೊನ್ನೆ ಬಂದ ಮೇಲೆಯೇ ಅಲೆನ್ ಕೀ ಹೊರಗೆ ಬರುತ್ತದೆ. ತಂತಿಯ ಇನ್ಸುಲೇಷನ್ ಪರೀಕ್ಷಿಸುವ ಮೆಗ್ಗರ್ ಬಳಸುವುದಿದ್ದರೂ ಇದೇ ಷರತ್ತು.

ಬೋಲ್ಟ್ ಎಣಿಸುವುದು ಬೇಸರದ ಕೆಲಸ, ಆದರೆ ಅರ್ಧ ದೋಷ ಅಲ್ಲೇ ಸಿಗುತ್ತದೆ. ಅಲ್ಯೂಮಿನಿಯಂ ಪೆಟ್ಟಿಗೆಯಲ್ಲಿ ಉಕ್ಕಿನ ಬೋಲ್ಟ್ ಮಳೆಗಾಲದ ತೇವಕ್ಕೆ ಹಿಡಿದುಕೊಂಡುಬಿಡುತ್ತದೆ. ಯಾರೋ ಬಲವಂತವಾಗಿ ತಿರುಗಿಸಿ ಮುರಿದಿರುತ್ತಾರೆ. ಆಮೇಲೆ ಎಂಟು ಬೋಲ್ಟಿನ ಮುಚ್ಚಳ ಆರರಲ್ಲಿ ನಿಂತಿರುತ್ತದೆ. ಒಂದು ಬೋಲ್ಟ್ ಇಲ್ಲದಿದ್ದರೂ ನನ್ನ ವರದಿಯಲ್ಲಿ ಆ ಪೆಟ್ಟಿಗೆ ಕೆಂಪು. ಸರಿಯಾಗುವವರೆಗೆ ಕರೆಂಟ್ ಕೊಡಬಾರದು ಎಂದೇ ಬರೆಯುತ್ತೇನೆ, ಮಾಲೀಕರು ಮುಖ ಗಂಟಿಕ್ಕಿದರೂ ಸರಿ. ಬಳಸದ ಕೇಬಲ್ ತೂತಿಗೆ ಮರದ ಬಿರಡೆ ಬಡಿದಿದ್ದರೂ ಹಾಗೆಯೇ. ಬಿರಡೆಯೂ ಇಲ್ಲದ ತೂತುಗಳಲ್ಲಿ ಕಡಜ ಮಣ್ಣಿನ ಗೂಡು ಕಟ್ಟಿರುತ್ತದೆ, ಟಾರ್ಚ್ ಬಿಟ್ಟು ನೋಡಿದ ನಂತರವೇ ಬೆರಳು ಹಾಕಿ.

ಅಂಚಿನ ಮೇಲೆ ಬಿಳಿ ಪುಡಿ ಅಥವಾ ತುಕ್ಕು ಕಂಡರೆ ಅರವೂ ಬೇಡ, ಎಮರಿ ಕಾಗದವೂ ಬೇಡ. ಉಜ್ಜಿದಷ್ಟೂ ಸಂದಿ ಹಿಗ್ಗುತ್ತದೆ. ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆದು, ಲೋಹವನ್ನು ತಿನ್ನದ ದ್ರವದಲ್ಲಿ ಒರೆಸಿ, ಬೋಲ್ಟ್ ಬಿಗಿದು ಫೀಲರ್ ಗೇಜ್ (ಸಂದಿ ಅಳೆಯುವ ತೆಳು ಲೋಹದ ಎಲೆಗಳ ಕಟ್ಟು) ಆಡಿಸುತ್ತೇನೆ. ಮಿತಿಯ ಅಳತೆಯ ಎಲೆ ಸುತ್ತಲೂ ಎಲ್ಲಿಯೂ ಒಳಗೆ ಜಾರಬಾರದು. ಕುಳಿ ಬಿದ್ದಿದ್ದರೆ ಲೇತ್ ಅಂಗಡಿಗೆ ಕೊಟ್ಟು ಸವರಿಸುವ ಮಾತೇ ಇಲ್ಲ, ಪೆಟ್ಟಿಗೆ ಬದಲಾಗಬೇಕು.

ಹಾಗಾದರೆ ನೀರಿಗೆ ಏನು ಮಾಡುವುದು? ಫ್ಲೇಮ್ ಪಾತ್‌ನಿಂದ ಪ್ರತ್ಯೇಕವಾದ ತೋಡಿನಲ್ಲಿ ಓ-ರಿಂಗ್ (ರಬ್ಬರ್ ಬಳೆ) ಕೂರಿಸಿ, ಹಾಗೆಯೇ ಪ್ರಮಾಣಪತ್ರ ಪಡೆದ ಐಪಿ66 ಪೆಟ್ಟಿಗೆಗಳು, ಅಂದರೆ ಧೂಳಿಗೂ ರಭಸದ ನೀರಿಗೂ ತಡೆಯಿರುವಂಥವು, ಸಿಗುತ್ತವೆ. ಕೇಬಲ್ ಮೇಲಿನಿಂದ ಇಳಿಯುವ ಬದಲು ಕೆಳಗೊಂದು ಬಳುಕು ಕೊಟ್ಟು ತಳದಿಂದ ಒಳಸೇರಲಿ. ರಾತ್ರಿಯ ಚಳಿಗೆ ಒಳಗೇ ಬೆವರುವ ನೀರಿಗೆ ಪ್ರಮಾಣಪತ್ರವಿರುವ ಬ್ರೀದರ್ ಡ್ರೈನ್ ಇದೆ. ಅಂಚಿಗೆ ಗಟ್ಟಿಯಾಗದ ಗ್ರೀಸಿನ ತೆಳು ಲೇಪ ಸಾಕು. ಹತ್ತಿರದಲ್ಲಿ ಕ್ಯಾಟಲಿಟಿಕ್ ಗ್ಯಾಸ್ ಸೆನ್ಸರ್ (ಅನಿಲವನ್ನು ಬಿಸಿ ಮಣಿಯ ಮೇಲೆ ಉರಿಸಿ ಪತ್ತೆ ಹಚ್ಚುವ ಸಾಧನ) ಇದ್ದರೆ ಸಿಲಿಕೋನ್ ಗ್ರೀಸ್ ಮಾತ್ರ ಬೇಡ, ಅದರ ಆವಿ ಸೆನ್ಸರನ್ನು ಮಂಕು ಮಾಡುತ್ತದೆ.

ಎರಡು ತಪಾಸಣೆಗಳ ನಡುವೆ ಮೂರು ವರ್ಷ ಮೀರಬಾರದು, ಕೈಯಲ್ಲಿ ಹಿಡಿದು ಬಳಸುವ ಸಾಧನಗಳಿಗೆ ಒಂದು ವರ್ಷ ಎನ್ನುತ್ತದೆ ಮಾನದಂಡ. ನಮ್ಮ ಹವೆಗೆ ಮೂರು ವರ್ಷ ಬಹಳ ಉದಾರವಾಯಿತು. ಹೊರಗೋಡೆಯ ಪೆಟ್ಟಿಗೆಗಳನ್ನು ನಾನು ದೀಪಾವಳಿ ಕಳೆದ ಮೇಲೆ ಪ್ರತಿ ವರ್ಷ ತೆರೆಸುತ್ತೇನೆ. ಮೇ ತಿಂಗಳಲ್ಲಿ ಕಣ್ಣಳತೆಯ ಒಂದು ಸುತ್ತು. ಓ-ರಿಂಗ್, ಬೋಲ್ಟುಗಳ ಪಟ್ಟಿಯನ್ನು ಯುಗಾದಿಯ ಹೊತ್ತಿಗೇ ತಯಾರಕರಿಗೆ ಕಳುಹಿಸಬೇಕು. ಅವು ಬರಲು ವಾರಗಟ್ಟಲೆ ಹಿಡಿಯುತ್ತದೆ, ಅಷ್ಟರಲ್ಲಿ ಮಳೆ ಹಿಡಿದರೆ ಯಾರಾದರೂ ಮತ್ತೆ ಟ್ಯೂಬ್ ಕತ್ತರಿಸುತ್ತಾರೆ.