ಚೀನೀ ಭಾಷೆಯಲ್ಲಿ ಬಿಸಿನೆಸ್ ಪ್ರೆಸೆಂಟೇಶನ್: ಮೊದಲು ಅಂಕಿ, ಆಮೇಲೆ ಹೆಸರು, ಉಳಿದದ್ದು ಆಮೇಲೆ

ನಾಲ್ಕೈದು ವರ್ಷ ಚೀನೀ ಕಲಿತು ಮಾತುಕತೆಗೆ ಏನೂ ತೊಂದರೆ ಇಲ್ಲದವರು ಕೂಡ ಮೀಟಿಂಗ್ ರೂಮಿನಲ್ಲಿ ಎದ್ದು ನಿಂತಾಗ ಎಡವುವುದು ಮುಖ್ಯವಾಗಿ ಎರಡು ಕಡೆ. ಒಂದು, ಅಂಕಿ ಹೇಳುವಾಗ. ಇನ್ನೊಂದು, ಎದುರಿಗೆ ಕೂತವರನ್ನು ಕರೆಯುವಾಗ. ವ್ಯಾಕರಣ ಅಲ್ಲಲ್ಲಿ ತಪ್ಪಿದರೆ ವಿದೇಶಿಯರು ಎಂದು ಕೇಳುವವರೇ ಸರಿಮಾಡಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಮಾರಾಟದ ಮೊತ್ತದಲ್ಲಿ ಒಂದು ಸೊನ್ನೆ ಬಿದ್ದುಹೋದರೆ ಅದನ್ನು ಸರಿಮಾಡಿಕೊಳ್ಳಲು ಅವರಿಗೆ ದಾರಿಯೇ ಇಲ್ಲ. ಆದ್ದರಿಂದ ತಯಾರಿಗೆ ಎಷ್ಟು ಹೊತ್ತು ಇದೆಯೋ ಅದರಲ್ಲಿ ಅರ್ಧವನ್ನು ಇವೆರಡಕ್ಕೇ ಎತ್ತಿಡಿ.

ಇಲ್ಲಿ ಚೀನೀ ಪದಗಳನ್ನು ಪಿನ್‌ಯಿನ್ (ಚೀನೀ ಉಚ್ಚಾರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವ ಪದ್ಧತಿ) ನೋಡಿ ಕನ್ನಡಕ್ಕೆ ಇಳಿಸಿದೆ. ಬೇಕಾದ ಕಡೆ ಪಕ್ಕದಲ್ಲಿರುವ 1ರಿಂದ 4ರವರೆಗಿನ ಅಂಕಿ ಸ್ವರವನ್ನು, ಅಂದರೆ ದನಿಯ ಏರಿಳಿತವನ್ನು, ತೋರಿಸುತ್ತದೆ.

ಮಾತು ಬರೆದುಕೊಳ್ಳುವುದು

ಮೊದಲು ನೀವು ಕೊಡುತ್ತಿರುವುದು ಏನು ಎಂದು ಆತಿಥೇಯರನ್ನೇ ಕೇಳಿ. ಮೇಲಿನವರಿಗೋ ಗ್ರಾಹಕರಿಗೋ ಕೆಲಸದ ವರದಿ ಒಪ್ಪಿಸುವುದಾದರೆ ಅದು ಹ್ವೆಯ್‌ಬಾವ್. ಕಂಪನಿಯನ್ನೋ ಉತ್ಪನ್ನವನ್ನೋ ಪರಿಚಯಿಸುವುದು ಜ್ಯೆಶಾವ್. ವೇದಿಕೆ ಮೇಲಿನ ಭಾಷಣ ಯೆನ್‌ಜ್ಯಾಂಗ್. ಹ್ವೆಯ್‌ಬಾವ್‌ಗೆ ಕರೆದಾಗ ಭಾಷಣದ ಧಾಟಿ ಹಿಡಿದರೆ ಕೇಳುವವರಿಗೆ ಮುಜುಗರ. ಸ್ಲೈಡುಗಳಿಗೆ ಅಲ್ಲಿ ಎಲ್ಲರೂ ಹೇಳುವುದು ಪಿಪಿಟಿ ಎಂದೇ.

ಉದ್ದವನ್ನು ಅಕ್ಷರದ ಲೆಕ್ಕದಲ್ಲಿ ಅಳೆಯಿರಿ. ವಿದೇಶಿ ನಾಲಿಗೆಗೆ ನಿಮಿಷಕ್ಕೆ 150ರಿಂದ 160 ಚೀನೀ ಅಕ್ಷರ ಹಿತವಾದ ವೇಗ. ಹತ್ತು ನಿಮಿಷಕ್ಕೆ 1500 ಅಕ್ಷರ ಸಾಕು. ಹದಿನೈದು ನಿಮಿಷ ಕೊಟ್ಟಿದ್ದರೆ ಹತ್ತು ನಿಮಿಷಕ್ಕೆ ಮಾತ್ರ ಬರೆಯಿರಿ, ಉಳಿದದ್ದು ಪ್ರಶ್ನೆಗಳಿಗೆ ಬೇಕಾಗುತ್ತದೆ.

ದೊಡ್ಡ ಸಭೆಯಲ್ಲಿ, ಅದರಲ್ಲೂ ಸರ್ಕಾರಿ ಒಡೆತನದ ಕಂಪನಿಯಲ್ಲಿ, ಆರಂಭಕ್ಕೆ ಕಟ್ಟಿಟ್ಟ ಸಾಲೊಂದಿದೆ: "ತ್ಸುನ್‌ಜಿಂಗ್ ದ ಗವೆಯ್ ಲಿಂಗ್‌ದಾವ್, ಗವೆಯ್ ಲಾಯ್‌ಬಿನ್, ಶಾಂಗ್‌ವು ಹಾವ್". ಮಾನ್ಯ ಮುಖ್ಯಸ್ಥರೇ, ಅತಿಥಿಗಳೇ, ಶುಭೋದಯ ಎಂದು ಅರ್ಥ. ಆರು ಜನ ಕೂತ ಕೋಣೆಯಲ್ಲಿ ಇದನ್ನು ಹೇಳಿದರೆ ನಗು ಬರುತ್ತದೆ. ಅಲ್ಲಿ "ವಾಂಗ್ ತ್ಸೊಂಗ್, ಗವೆಯ್, ಶಾಂಗ್‌ವು ಹಾವ್" ಎಂದು ಮುಖ್ಯರಾದವರೊಬ್ಬರನ್ನು ಕರೆದು, ಉಳಿದವರನ್ನು ಒಟ್ಟಿಗೆ ಸೇರಿಸಿಕೊಂಡರೆ ಸಾಕು. ಮುಗಿಸಲು "ಯಿಶಾಂಗ್ ಜ್ಯೋ ಶಿ ವೊ ದ ಹ್ವೆಯ್‌ಬಾವ್, ಶ್ಯೆಶ್ಯೆ ದಾಜ್ಯಾ", ಇಷ್ಟು ನನ್ನ ವರದಿ, ಎಲ್ಲರಿಗೂ ಧನ್ಯವಾದ, ಎಂಬ ಸಾಲು ವರದಿ ಒಪ್ಪಿಸುವ ಎಲ್ಲ ಕಡೆಯೂ ನಡೆಯುತ್ತದೆ.

ಅವರ ಕಂಪನಿ ಗ್ವೆಯ್ ಗೊಂಗ್‌ಸಿ, ನಿಮ್ಮದು ವೊಮನ್ ಗೊಂಗ್‌ಸಿ. ಗ್ವೆಯ್ ಗೌರವದ ಪದ, ಅದನ್ನು ನಿಮ್ಮ ಕಂಪನಿಗೇ ಹಚ್ಚಿಕೊಳ್ಳಬೇಡಿ. "ನೀವು" ಎನ್ನಲು ಒಬ್ಬರಿಗೆ ನಿನ್, ಹಲವರಿಗೆ ಗವೆಯ್. ಮಾತಿನಲ್ಲಿ "ನಿನ್‌ಮನ್" ಎಂದರೆ ಕಿವಿಗೆ ಒಗ್ಗುವುದಿಲ್ಲ. ನಾಲ್ಕಕ್ಷರದ ನುಡಿಗಟ್ಟುಗಳನ್ನು ಪೋಣಿಸುವ ಆಸೆ ಕಲಿತವರಿಗೆಲ್ಲ ಬರುತ್ತದೆ. ಒಂದಕ್ಕೆ ನಿಲ್ಲಿಸಿ. "ಫಾವ್ ಜ್ವಾನ್ ಯಿನ್ ಯ್ಯು", ಅಂದರೆ ಇಟ್ಟಿಗೆ ಎಸೆದು ಜೇಡ್ ಹರಳನ್ನು ಹೊರಡಿಸುವುದು, ನಿಮ್ಮ ಮಾತನ್ನು ಚಿಕ್ಕದು ಮಾಡಿಕೊಂಡು ಅವರ ಅಭಿಪ್ರಾಯ ಕೇಳಲು ಚೆನ್ನಾಗಿದೆ. ಅದನ್ನೇ ಹಿಂದೆ ಮಾತಾಡಿದವರಿಗೆ ಅನ್ವಯಿಸಿದರೆ ಅವರ ಮಾತು ಇಟ್ಟಿಗೆ ಎಂದಂತಾಯಿತು.

ಅಂಕಿಗಳು

ಚೀನೀಯರು ದೊಡ್ಡ ಸಂಖ್ಯೆಯನ್ನು ನಾಲ್ಕು ನಾಲ್ಕು ಅಂಕಿಯಾಗಿ ಒಡೆಯುತ್ತಾರೆ. ಹತ್ತು ಸಾವಿರ ಅವರಿಗೆ ಒಂದು ವಾನ್, ಹತ್ತು ಕೋಟಿ ಒಂದು ಯಿ. ಲಕ್ಷ ಕೋಟಿಯಲ್ಲಿ ಎಣಿಸುವವರಿಗೆ ಒಂದು ಲಾಭವಿದೆ, ಮಿಲಿಯನ್‌ಗೆ ಹೋಗಿ ಸುತ್ತಿ ಬರಬೇಕಾಗಿಲ್ಲ. ನೇರವಾಗಿ ಕಲಿತುಬಿಡಿ: ಲಕ್ಷ ಎಂದರೆ ಶಿ ವಾನ್ (ಹತ್ತು ವಾನ್), ಹತ್ತು ಲಕ್ಷ ಎಂದರೆ ಬಾಯ್ ವಾನ್ (ನೂರು ವಾನ್), ಕೋಟಿ ಎಂದರೆ ಛ್ಯೆನ್ ವಾನ್ (ಸಾವಿರ ವಾನ್). ಅದಕ್ಕೂ ಮೇಲೆ ಯಿ.

ಕಾಗದದ ಮೇಲೆ ಮಾಡುವ ಕ್ರಮ ಹೀಗೆ. ಸಂಖ್ಯೆಯ ಅಲ್ಪವಿರಾಮಗಳನ್ನೆಲ್ಲ ತೆಗೆಯಿರಿ. ಬಲದಿಂದ ನಾಲ್ಕು ಅಂಕಿಗೊಂದು ಗೆರೆ ಎಳೆಯಿರಿ. ಮೂರು ಕೋಟಿ ಅರವತ್ತು ಲಕ್ಷ 3600|0000 ಆಗುತ್ತದೆ. ಓದುವುದು "ಸಾನ್‌ಛ್ಯೆನ್ ಲ್ಯೋಬಾಯ್ ವಾನ್". ಸ್ಲೈಡಿನಲ್ಲಿಯೂ 36,000,000 ಎಂದು ಹಾಕದೆ 3600ರ ಪಕ್ಕದಲ್ಲಿ ವಾನ್ ಅಕ್ಷರ ಹಾಕಿ. ಹೆಡ್ ಆಫೀಸಿನಿಂದ ಬಂದ ಪಟ್ಟಿ ಮಿಲಿಯನ್‌ನಲ್ಲಿದ್ದರೆ ನೂರರಿಂದ ಗುಣಿಸಿದರೆ ವಾನ್ ಸಿಗುತ್ತದೆ, ಬಿಲಿಯನ್ ಇದ್ದರೆ ಹತ್ತರಿಂದ ಗುಣಿಸಿದರೆ ಯಿ. ಈ ಲೆಕ್ಕವನ್ನು ನಿಂತಲ್ಲೇ ಮಾಡುತ್ತೇನೆ ಎನ್ನುವವರೇ ಸೊನ್ನೆ ಕಳೆದುಕೊಳ್ಳುವುದು. ಮನೆಯಲ್ಲೇ ಮಾಡಿ, ಹೇಳಬೇಕಾದ ಪ್ರತಿ ಸಂಖ್ಯೆಯನ್ನೂ ಅಂಕಿಯಲ್ಲಲ್ಲ, ಚೀನೀ ಅಕ್ಷರದಲ್ಲಿ ಬರೆದುಕೊಳ್ಳಿ.

ಶೇಕಡಾವಾರಿಗೆ ಇದು ಇನ್ನೂ ಅಗತ್ಯ. ಕಣ್ಣಿಗೆ 23% ಕಂಡಾಗ ಬಾಯಿಗೆ ಮೊದಲು ಬರುವುದು 23. ಚೀನೀಯಲ್ಲಿ "ಬಾಯ್ ಫನ್ ಜಿ" ಮೊದಲು, ಆಮೇಲೆ ಸಂಖ್ಯೆ. ನಾವು ಶೇಕಡಾ 23 ಎಂದ ಹಾಗೇ. ಪಾಲು 12ರಿಂದ 15 ಶೇಕಡಾಕ್ಕೆ ಏರಿದ್ದರೆ ಅದು ಮೂರು ಬಾಯ್‌ಫನ್‌ದ್ಯೆನ್ (ಶೇಕಡಾ ಅಂಶ) ಏರಿಕೆ. ಶೇಕಡಾ 3 ಎಂದರೆ ತಪ್ಪು, ಆ ಲೆಕ್ಕದಲ್ಲಿ ಏರಿಕೆ ಶೇಕಡಾ 25. ಹಿಂದಿನ ವರ್ಷದ ಅದೇ ಅವಧಿಗೆ ಹೋಲಿಸಿದ್ದಾದರೆ ಥೊಂಗ್‌ಬಿ, ಹಿಂದಿನ ತಿಂಗಳು ಅಥವಾ ತ್ರೈಮಾಸಿಕಕ್ಕೆ ಹೋಲಿಸಿದ್ದಾದರೆ ಹ್ವಾನ್‌ಬಿ. ಈ ಎರಡರಲ್ಲಿ ಒಂದನ್ನು ಹೇಳದೆ ಬರೀ "ಏರಿದೆ" ಎಂದರೆ ಹಣಕಾಸು ವಿಭಾಗದವರ ಮೊದಲ ಪ್ರಶ್ನೆಯೇ ಅದಾಗಿರುತ್ತದೆ.

ಗುಣಕದ ವಿಷಯದಲ್ಲಿ ಒಂದು ಉಚ್ಚಾರಾಂಶ ಲಕ್ಷಗಟ್ಟಲೆ ವ್ಯತ್ಯಾಸ ಮಾಡುತ್ತದೆ. ಮಾರಾಟ 100 ಇದ್ದದ್ದು 200 ಆಯಿತು ಅನ್ನಿ. "ಜಂಗ್‌ಜಾಂಗ್ ಲ" ಎಂದು ಶುರು ಮಾಡಿದರೆ ಎಷ್ಟು ಹೆಚ್ಚಿತು ಎಂದು ಹೇಳಬೇಕು: ಯಿ ಬೆಯ್, ಒಂದು ಪಟ್ಟು. "ಜಂಗ್‌ಜಾಂಗ್ ದಾವ್" ಎಂದರೆ ಎಲ್ಲಿಗೆ ಮುಟ್ಟಿತು ಎಂದು: ಮೊದಲಿನ ಲ್ಯಾಂಗ್ ಬೆಯ್, ಎರಡು ಪಟ್ಟು. "ಲ" ಬಳಸಿ ಎರಡು ಪಟ್ಟು ಎಂದರೆ 300 ಎಂದು ಬರೆದುಕೊಳ್ಳುತ್ತಾರೆ. ರಿಯಾಯಿತಿ ಇದಕ್ಕಿಂತ ಅಪಾಯಕಾರಿ. "ದಾ ಬಾ ಜ" ಎಂದರೆ ಹತ್ತರಲ್ಲಿ ಎಂಟು ಭಾಗ ಕೊಟ್ಟರೆ ಸಾಕು, ಅಂದರೆ ಶೇಕಡಾ 20 ಕಡಿತ. ಇಪ್ಪತ್ತು ಕಡಿತ ಮನಸ್ಸಿನಲ್ಲಿಟ್ಟುಕೊಂಡು "ದಾ ಅರ್ ಜ" ಎಂದವರು ಶೇಕಡಾ 80 ಬಿಟ್ಟುಕೊಟ್ಟಂತೆ.

ಇನ್ನು ನಾಲ್ಕು ಮತ್ತು ಹತ್ತು. ನಾಲ್ಕು ಸಿ4, ಥಟ್ಟನೆ ಕೆಳಗಿಳಿಯುತ್ತದೆ. ಹತ್ತು ಶಿ2, ಮೇಲೇರುತ್ತದೆ. ದಕ್ಷಿಣ ಚೀನಾದ ಅನೇಕರು ಮಾತಿನಲ್ಲಿ ಶಕಾರ ಸಕಾರಗಳನ್ನು ಒಂದೇ ಮಾಡುವುದರಿಂದ, ಅವರ ಕಿವಿ ನಂಬುವುದು ಸ್ವರವನ್ನು. 14 ಮತ್ತು 40 ಇರುವ ಸ್ಲೈಡಿನಲ್ಲಿ ಆ ಅಂಕಿಯನ್ನು ದೊಡ್ಡದಾಗಿ ಹಾಕಿ, ಹೇಳುವಾಗ ಅದರತ್ತ ಕೈ ತೋರಿಸಿ.

ಉಚ್ಚಾರ

ಪಿನ್‌ಯಿನ್‌ನಲ್ಲಿ ಬಿ, ಡಿ, ಜಿ ಎಂದು ಬರೆಯುವ ಧ್ವನಿಗಳು ನಿಜಕ್ಕೂ ನಮ್ಮ ಪ, ತ, ಕಗಳ ಹತ್ತಿರ. ಪಿ, ಟಿ, ಕೆ ಎಂದು ಬರೆಯುವವು ಅವುಗಳ ಮಹಾಪ್ರಾಣ. ಬರಹದ ಮಹಾಪ್ರಾಣವನ್ನು ಮಾತಿನಲ್ಲಿ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕಿದೆ, ಇಲ್ಲಿ ಅದು ನಡೆಯದು. ಹಣ ಅಥವಾ ಸರಕು ವಾಪಸ್ ಎನ್ನುವ ಥ್ವೆಯ್4 ಉಸಿರು ಕಳೆದುಕೊಂಡರೆ "ಸರಿ" ಎನ್ನುವ ದ್ವೆಯ್4 ಆಗುತ್ತದೆ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಹೇಳಿ, ಗಾಳಿ ತಾಗಬೇಕು. ಉಲ್ಟಾ ತಪ್ಪೂ ಇದೆ: ದರಪಟ್ಟಿ ಎನ್ನುವ ಬಾವ್‌ಜ್ಯಾಗೆ ಉಸಿರು ಸೇರಿಸಿದರೆ ಫಾವ್‌ಜ್ಯಾ, ಫಿರಂಗಿ ಕೂರಿಸುವ ಚೌಕಟ್ಟು.

ಸ್ವರದಲ್ಲಿ ವ್ಯಾಪಾರದವರಿಗೆ ಮೊದಲ ಜೋಡಿ ಮಾಯ್3 ಮತ್ತು ಮಾಯ್4. ಮೊದಲನೆಯದು ಕೊಳ್ಳುವುದು, ಎರಡನೆಯದು ಮಾರುವುದು. ಮೂರನೇ ಸ್ವರದ ಎರಡು ಉಚ್ಚಾರಾಂಶಗಳು ಅಕ್ಕಪಕ್ಕ ಬಂದರೆ ಮೊದಲನೆಯದು ಎರಡನೇ ಸ್ವರವಾಗುತ್ತದೆ, ಆರಂಭದ ಸಾಲಿನ ಲಿಂಗ್‌ದಾವ್ ಇದಕ್ಕೆ ಒಳ್ಳೆ ಉದಾಹರಣೆ: ಬರೆಯುವುದು 3-3, ಹೇಳುವುದು 2-3. ಒಂದು ಎನ್ನುವ ಯಿ ಕೂಡ ಜಾಗ ನೋಡಿ ಬದಲಾಗುತ್ತದೆ. ವಾನ್ ಎಂಬ ನಾಲ್ಕನೇ ಸ್ವರದ ಪದಕ್ಕೆ ಮೊದಲು ಬಂದರೆ ಯಿ2, ಛ್ಯೆನ್ ಎಂಬ ಒಂದನೇ ಸ್ವರದ ಪದಕ್ಕೆ ಮೊದಲು ಬಂದರೆ ಯಿ4. ಒತ್ತಿ ಹೇಳಬೇಕಾದಾಗ ದನಿ ಏರಿಸಬೇಡಿ, ಏರಿಸಿದರೆ ಸ್ವರವೇ ಬದಲಾಗುತ್ತದೆ. ಆ ಪದವನ್ನು ಸ್ವಲ್ಪ ಎಳೆಯಿರಿ, ಅದಕ್ಕೆ ಮೊದಲು ಅರೆಕ್ಷಣ ನಿಲ್ಲಿ.

ಬಡ್ಡಿ ದರ, ವಿನಿಮಯ ದರ, ಬೆಳವಣಿಗೆ ದರ, ಲಾಭದ ಪ್ರಮಾಣ, ಎಲ್ಲದರ ಕೊನೆಗೂ ಬರುವ ಲ್ಯು4 ಧ್ವನಿ ಕನ್ನಡದಲ್ಲಿ ಇಲ್ಲ. ತುಟಿಯನ್ನು ಊ ಎನ್ನುವ ಹಾಗೆ ದುಂಡಗೆ ಮಾಡಿ, ಅಲುಗಿಸದೆ ಈ ಎನ್ನಿ. ಅಷ್ಟೇ.

ಯಾರನ್ನು ಹೇಗೆ ಕರೆಯುವುದು

ಎರಡು ದಿನ ಮೊದಲೇ ಸಭೆಗೆ ಬರುವವರ ಪಟ್ಟಿಯನ್ನು ಹುದ್ದೆಯ ಸಮೇತ ಕೇಳಿ ಪಡೆಯಿರಿ. ಮನೆತನದ ಹೆಸರು ಮೊದಲು, ಹುದ್ದೆ ಆಮೇಲೆ: ವಾಂಗ್ ತ್ಸೊಂಗ್, ಲಿ ಜಿಂಗ್‌ಲಿ, ಜಾಂಗ್ ಜುರೆನ್. ತ್ಸೊಂಗ್ ಎಂದರೆ ಕಂಪನಿಯ ಮುಖ್ಯಸ್ಥರು, ಜಿಂಗ್‌ಲಿ ಮ್ಯಾನೇಜರ್, ಜುರೆನ್ ವಿಭಾಗದ ಮುಖ್ಯಸ್ಥರು. ಉಪ ಎನ್ನುವ "ಫು" ಹುದ್ದೆಯಲ್ಲಿದ್ದರೂ ಕರೆಯುವಾಗ ಸಾಮಾನ್ಯವಾಗಿ ಬಿಡುತ್ತಾರೆ. (ಫು ಎಂಬ ಮನೆತನವೇ ಇರುವ ಮುಖ್ಯಸ್ಥರ ಪಾಡು ಬೇರೆ, ಎಷ್ಟು ಮೇಲೇರಿದರೂ ಕಿವಿಗೆ ಉಪಮುಖ್ಯಸ್ಥರೇ.) ಮಹಿಳೆಯರ ಹುದ್ದೆ ಗೊತ್ತಿಲ್ಲದಿದ್ದರೆ ನ್ಯುಶಿ ಎನ್ನಿ.

ಹೆಸರಿನ ಅಕ್ಷರಗಳಲ್ಲಿ ಬಲೆಗಳಿವೆ. ನಿಘಂಟಿನಲ್ಲಿ ದಾನ್ ಎಂದು ಓದುವ ಅಕ್ಷರ ಮನೆತನವಾದಾಗ ಶಾನ್4. ಹೊಣೆ ಎನ್ನುವಾಗ ರೆನ್4 ಇದ್ದದ್ದು ಮನೆತನವಾದರೆ ರೆನ್2. ಜ್ಯೆ3 ಎಂಬ ಅಕ್ಷರ ಮನೆತನವಾದರೆ ಶ್ಯೆ4. ಪಟ್ಟಿ ಕಳಿಸಿದವರಿಗೆ ವೀಚಾಟ್‌ನಲ್ಲಿ ಧ್ವನಿ ಸಂದೇಶ ಕಳಿಸಲು ಹೇಳಿ, ಕೇಳಿ ಬರೆದುಕೊಳ್ಳಿ. ಹೆಸರುಗಳನ್ನು ಹೇಳಬೇಕಾಗಿ ಬಂದರೆ ಹಿರಿಯ ಹುದ್ದೆಯಿಂದ ಶುರುವಾಗಬೇಕು.

ಸ್ಲೈಡುಗಳು

ಚೀನಾ ಮುಖ್ಯಭೂಮಿ ಮತ್ತು ಸಿಂಗಪುರಕ್ಕೆ ಸರಳೀಕೃತ ಲಿಪಿ, ತೈವಾನ್ ಮತ್ತು ಹಾಂಗ್‌ಕಾಂಗ್‌ಗೆ ಸಾಂಪ್ರದಾಯಿಕ ಲಿಪಿ. ಫಾಂಟ್ ಅನ್ನು ನೀವೇ ಆರಿಸಿ. ಮೈಕ್ರೋಸಾಫ್ಟ್ ಯಾಹೇ ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಆರಿಸದೆ ಬಿಟ್ಟರೆ ಕಂಪ್ಯೂಟರ್ ಕೆಲವೊಮ್ಮೆ ಜಪಾನೀ ಫಾಂಟ್ ಎತ್ತಿಕೊಳ್ಳುತ್ತದೆ. ಆಗ ಕೆಲವು ಅಕ್ಷರಗಳ ಗೆರೆ ಬೇರೆಯಾಗಿ, ಓದಲು ಬಂದರೂ ಕಣ್ಣಿಗೆ ಕಸಿವಿಸಿ.

ಮುಖ್ಯಭೂಮಿಯ ಷೇರು ಮಾರುಕಟ್ಟೆಯಲ್ಲಿ ಕೆಂಪು ಏರಿಕೆ, ಹಸಿರು ಇಳಿಕೆ. ನಷ್ಟವನ್ನು ಕೆಂಪಿನಲ್ಲಿ ತೋರಿಸಿದ ಗ್ರಾಫು ಲಾಭದ ಸುದ್ದಿಯಂತೆ ಕಂಡೀತು. ಬಾಣದ ಗುರುತು ಹಾಕಿ, ಬಣ್ಣವನ್ನೇ ನಂಬಬೇಡಿ. ದಿನಾಂಕ ವರ್ಷ, ತಿಂಗಳು, ದಿನ ಎಂಬ ಕ್ರಮದಲ್ಲಿರಲಿ. ಗಡಿರೇಖೆ ಅಲ್ಲಿ ತುಂಬಾ ಸೂಕ್ಷ್ಮ ವಿಷಯ, ಎಲ್ಲಿಂದಲೋ ಎತ್ತಿಕೊಂಡ ನಕ್ಷೆಯಿಂದ ಇಡೀ ಮಾತು ದಾರಿ ತಪ್ಪಿದೀತು. ನಕ್ಷೆಯ ಬದಲು ಪ್ರಾಂತ್ಯಗಳ ಹೆಸರಿರುವ ಪಟ್ಟಿ ಹಾಕಿ. ಸಾರ್ವಜನಿಕ ಪ್ರಚಾರಕ್ಕೂ ಅದೇ ಸ್ಲೈಡು ಬಳಸುವುದಾದರೆ "ಅತ್ಯುತ್ತಮ" ಎನ್ನುವಂಥ ಪದ ತೆಗೆಯಿರಿ. 2015ರ ಸೆಪ್ಟೆಂಬರ್ 1ರಿಂದ ಜಾರಿಯಾದ ತಿದ್ದುಪಡಿ ಜಾಹೀರಾತು ಕಾನೂನು ಅವನ್ನು ನಿಷೇಧಿಸುತ್ತದೆ.

ಗೂಗಲ್ ಡ್ರೈವ್ ಮತ್ತು ಯೂಟ್ಯೂಬ್ ಮುಖ್ಯಭೂಮಿಯಲ್ಲಿ ತೆರೆಯುವುದಿಲ್ಲ. ವಿಡಿಯೋವನ್ನು ಕಡತದೊಳಗೇ ಸೇರಿಸಿ, ಪೆನ್‌ಡ್ರೈವಿನಲ್ಲಿ ಪಿಡಿಎಫ್ ಪ್ರತಿಯೊಂದು ಇಟ್ಟುಕೊಳ್ಳಿ. ಎದುರಿನ ಕಂಪ್ಯೂಟರಿನಲ್ಲಿ ಡಬ್ಲ್ಯುಪಿಎಸ್ (ಅಲ್ಲಿನ ಆಫೀಸ್ ತಂತ್ರಾಂಶ) ಇರುವ ಸಾಧ್ಯತೆ ಹೆಚ್ಚು. ಅದರಲ್ಲಿ ಅನಿಮೇಶನ್ ಅಡ್ಡಾದಿಡ್ಡಿ ಆಗಬಹುದು, ಹಾಗಾಗಿ ಅನಿಮೇಶನ್ ಬೇಡವೇ ಬೇಡ.

ಅಭ್ಯಾಸ

ಬರೆದದ್ದನ್ನು ಪಿನ್‌ಯಿನ್‌ನಲ್ಲಿ ಓದಬೇಡಿ, ರಾಗ ಒಂದೇ ಸಮ ಆಗಿಬಿಡುತ್ತದೆ. ಅಕ್ಷರದಲ್ಲೇ ಮುದ್ರಿಸಿ, ಸ್ವರ ತಪ್ಪುವ ಪದಕ್ಕೆ ಮಾತ್ರ ಮೇಲೆ ಗುರುತು ಹಾಕಿ, ಉಸಿರು ತೆಗೆದುಕೊಳ್ಳುವ ಕಡೆ ಓರೆಗೆರೆ ಎಳೆಯಿರಿ. ಚೀನೀ ಮಾತಾಡುವ ಸ್ನೇಹಿತರಿಂದ ಒಮ್ಮೆ ಪೂರ್ತಿ ಓದಿಸಿ ರೆಕಾರ್ಡ್ ಮಾಡಿಕೊಂಡು, ಅದರ ಬೆನ್ನಿಗೇ ಹೇಳುತ್ತಾ ಹೋಗಿ. ಆಮೇಲೆ ಫೋನಿನ ಧ್ವನಿ ಟೈಪಿಂಗ್‌ಗೆ ಚೀನೀಯಲ್ಲಿ ಹೇಳಿ, ಏನು ಬರೆಯುತ್ತದೆ ನೋಡಿ. ಇಡೀ ವಾಕ್ಯ ಹೇಳಿದರೆ ಅದು ಸಂದರ್ಭ ನೋಡಿ ನಿಮ್ಮ ತಪ್ಪನ್ನು ತಾನೇ ತಿದ್ದಿಬಿಡುತ್ತದೆ. ಸಂಖ್ಯೆ, ಹೆಸರು, ಉತ್ಪನ್ನದ ಹೆಸರನ್ನು ಒಂಟಿಯಾಗಿ ಹೇಳಿ ಪರೀಕ್ಷಿಸಿ.

ಪ್ರಶ್ನೆಗಳು ಬಂದಾಗ

ಅರ್ಥವಾಗದಿದ್ದಾಗ ತಲೆಯಾಡಿಸುವುದು ಎಲ್ಲಕ್ಕಿಂತ ಕೆಟ್ಟ ಅಭ್ಯಾಸ. "ನಿನ್ ದ ಯಿಸಿ ಶಿ", ನಿಮ್ಮ ಮಾತಿನ ಅರ್ಥ, ಎಂದು ಶುರುಮಾಡಿ, ನಿಮಗೆ ತಿಳಿದಷ್ಟನ್ನು ನಿಮ್ಮ ಮಾತಿನಲ್ಲಿ ಹೇಳಿ, ಕೊನೆಗೆ "ದ್ವೆಯ್ ಮ" ಎಂದು ಕೇಳಿ. ಉತ್ತರ ಗೊತ್ತಿಲ್ಲದಿದ್ದರೆ "ವೊ ಹ್ವೆಯ್‌ಛ್ಯು ಛ್ಯುಯೆರೆನ್ ಯಿಹೋ ತ್ಸಾಯ್ ದಾಫು ನಿನ್", ಹೋಗಿ ಖಚಿತಪಡಿಸಿಕೊಂಡು ತಿಳಿಸುತ್ತೇನೆ, ಎಂಬುದು ಮರ್ಯಾದೆಯ ಮಾತು. ಹೇಳಿದ ಮೇಲೆ ಆ ದಿನವೇ ತಿಳಿಸಿ. ಅವರು "ಯೆನ್‌ಜ್ಯೋ ಯೆನ್‌ಜ್ಯೋ", ನೋಡೋಣ, ಪರಿಶೀಲಿಸುತ್ತೇವೆ ಎಂದರೆ ಬಹಳ ಸಲ ಅದು ನಯವಾದ ನಿರಾಕರಣೆ. "ಯ್ವಾನ್‌ತ್ಸ ಶಾಂಗ್" ಎಂದು ಸೇರಿಸಿ ಒಪ್ಪಿದರೆ ತಾತ್ವಿಕವಾಗಿ ಒಪ್ಪಿಗೆ, ಷರತ್ತುಗಳು ಇನ್ನೂ ಬರಬೇಕು. ನಿಮ್ಮ ಚೀನೀಯನ್ನು ಹೊಗಳಿದರೆ "ಗ್ವೊಜ್ಯಾಂಗ್ ಲ", ಅತಿಯಾಗಿ ಹೊಗಳಿದಿರಿ, ಎಂದು ಒಂದೇ ಮಾತಿನಲ್ಲಿ ಮುಗಿಸಿ ಮುಂದಿನ ಪ್ರಶ್ನೆಗೆ ಹೋಗಿ. ಪಠ್ಯಪುಸ್ತಕದ "ನಾಲಿ ನಾಲಿ" ಈಗ ಹಳೆಯದೆನಿಸುತ್ತದೆ.