ಮಾಳಗಿ ಮ್ಯಾಲಿಂದ ಚೇಳಿನ ಕೊಂಡಿ ಹತ್ರದ ನಕ್ಷತ್ರಗುಚ್ಛ ನೋಡೋದು ಹೆಂಗ?

ಮೇ ತಿಂಗಳಾಗ ಕಲಬುರಗಿ ಸೆಕಿಗೆ ಹೆಂಗೂ ಮಾಳಗಿ ಮ್ಯಾಲೇ ಮಲಗ್ತೀವಿ, ಅಮವಾಸಿ ಆಚೀಚಿ ದಿನ ನೋಡಿ ರಾತ್ರಿ 1ರಿಂದ 3ರ ನಡುವ ಒಮ್ಮೆ ಎದ್ದು ದಕ್ಷಿಣಕ್ಕ ನೋಡ್ರಿ. ಕೆಂಪಗ ಕಾಣೋದು ಜ್ಯೇಷ್ಠಾ, ಅಲ್ಲಿಂದ ವೃಶ್ಚಿಕದ ಬಾಲ ಹಿಡ್ಕೊಂಡು ಕೆಳಗ ಇಳದು ಮತ್ತ ಮ್ಯಾಲ ತಿರುಗಿದ್ರ ಕೊಂಡಿ ಸಿಗ್ತದ, ಅದೇ ಮೂಲಾ ನಕ್ಷತ್ರ. ಕೊಂಡಿಯಿಂದ ಸ್ವಲ್ಪ ಎಡಕ್ಕ, ಮ್ಯಾಲಕ್ಕ ಮಬ್ಬು ಬೆಳಕಿನ ಕಲಿ ಇದ್ದಂಗ ಕಾಣ್ತದಲ್ಲ, ಅದೇ ನಾವು ಹುಡುಕೋ ನಕ್ಷತ್ರಗುಚ್ಛ ಎಂ7 (ಮೆಸಿಯೆ ಅನ್ನೋ ಖಗೋಳಜ್ಞನ ಪಟ್ಟಿಯ 7ನೇದು). ಕ್ರಿ.ಶ. 2ನೇ ಶತಮಾನದಾಗೇ ಖಗೋಳಜ್ಞ ಟಾಲೆಮಿ ಬರಿಗಣ್ಣಿಲೆ ನೋಡಿ ಬರದಿಟ್ಟಿದ್ದ.

ಟೆಲಿಸ್ಕೋಪ್ ಬ್ಯಾಡ, ಇದು ಎರಡು ಹುಣ್ಣಿಮಿ ಚಂದ್ರಕ್ಕಿಂತ ಅಗಲ ಅದ, ಜಾಸ್ತಿ ಜೂಮ್ ಮಾಡಿದ್ರ ಗುಂಪೇ ಒಡದು ಹೋಗ್ತದ. 10x50 ಬೈನಾಕ್ಯುಲರ್ (10 ಪಟ್ಟು ದೊಡ್ಡದು ತೋರ್ಸೋದು, ಮುಂದಿನ ಗಾಜು 50 ಮಿ.ಮೀ. ಅಗಲ) ಸಾಕು, ಆದ್ರ ಕೈ ನಡುಗಬಾರದು, ಅದಕ್ಕ ಹೊರಸಿನ ಮ್ಯಾಲ ಎರಡು ದಿಂಬು ಹಾಕಿ ಕಾಲು ದಕ್ಷಿಣಕ್ಕ ಚಾಚಿ ಒರಗ್ರಿ (ತಲಿ ಉತ್ತರಕ್ಕ ಆಯ್ತಂತ ಹಿರೇರು ಬೈದ್ರ, ಮಲಗಿಲ್ಲ ನೋಡ್ಲಿಕತ್ತೀನಿ ಅನ್ರಿ). ಮೊಬೈಲ್ ಇಪ್ಪತ್ತು ನಿಮಿಷ ಮುಟ್ಟಬ್ಯಾಡ್ರಿ, ಕಣ್ಣು ಕತ್ತಲಿಗಿ ಹೊಂದ್ಕೋಬೇಕು.

ಮೊದಲ ನಾಕೈದು ಚುಕ್ಕಿ, ಆಮ್ಯಾಲ ಒಂದೊಂದೇ ಹೊರಗ ಬರ್ತಾವ, ಅದ ನೋಡ್ರಿ ಖರೇ ಖುಷಿ! ಸುಮಾರು 80 ನಕ್ಷತ್ರ, ಎಲ್ಲಾ ಒಂದೇ ಅನಿಲ ಮೋಡದಾಗ ಹುಟ್ಟಿದ್ವು, ದೂರ ಹತ್ರಹತ್ರ 1000 ಜ್ಯೋತಿರ್ವರ್ಷ (ಬೆಳಕು ಒಂದು ವರ್ಷದಾಗ ಹೋಗೋ ದೂರ ಅಂದ್ರ ಒಂದು ಜ್ಯೋತಿರ್ವರ್ಷ). ಬೈನಾಕ್ಯುಲರ್ ಸ್ವಲ್ಪ ಬಲಕ್ಕ, ಮ್ಯಾಲಕ್ಕ ಸರಸಿದ್ರ ಸಣ್ಣ ಗುಂಪು ಎಂ6 ಸಿಗ್ತದ, ಅದು ಇನ್ನೂ ದೂರದ್ದು.

ಸಿಟಿ ಲೈಟಿನಾಗ ಮಬ್ಬು ಕಾಣ್ಲಿಲ್ಲಂದ್ರ ಚಿಂಚೋಳಿ ಕಡಿ ಯಾರದರ ಹೊಲಕ್ಕ ಹೋಗ್ರಿ. ಜೂನ್‌ದಾಗ ಮೋಡ ಕಟ್ಟತಾವ, ಅದಕ್ಕ ಮೇ ಬಿಡಬ್ಯಾಡ್ರಿ.