ಕಣ್ಣು ಮುಚ್ಚಿಸಿ ಖೋ ಖೋ ಕಲಿಸಿದೆ

ಮೂರು ವರ್ಷ ಹೋಬಳಿ ಮಟ್ಟದ ಮೊದಲ ಪಂದ್ಯದಲ್ಲೇ ಸೋತು ಮನೆಗೆ ಬಂದ ತಂಡ ನಮ್ಮ ಶಾಲೆಯ ಹುಡುಗಿಯರದು. ಹೋದ ವರ್ಷ ತಾಲೂಕು ಗೆದ್ದರು. "ನಿಮಗ್ಯಾಕ್ರೀ ಖೋ ಖೋ, ಸುಮ್ನೆ ಥ್ರೋಬಾಲ್ ಆಡಿಸಿ" ಎಂದಿದ್ದ ಬೇರೆ ಶಾಲೆಗಳ ಪಿ.ಇ. ಮೇಷ್ಟ್ರುಗಳೇ ಈಗ ಫೋನ್ ಮಾಡಿ ಹೇಗೆ ಗೆದ್ದಿರಿ ಎಂದು ಕೇಳುತ್ತಾರೆ. ಎಲ್ಲರಿಗೂ ಒಂದೇ ಸಲ ಹೇಳಿಬಿಡುತ್ತೇನೆ.

ಓಟದಲ್ಲಿ ನಮ್ಮ ಮಕ್ಕಳು ಯಾರಿಗೂ ಕಡಿಮೆ ಇರಲಿಲ್ಲ. ಕೆಡಿಸಿದ್ದು ಫೌಲ್. ಪಂದ್ಯಕ್ಕೆ ಹತ್ತು ಹನ್ನೆರಡು! ಎರಡನೇ ವರ್ಷ ಐದನೇ ಕ್ಲಾಸಿನ ಒಬ್ಬಳು ಖೋ ಬೀಳುವ ಮುಂಚೆಯೇ ಎದ್ದಳು. ಎದುರಿನವಳು ಕೈಗೆ ಸಿಗುವಷ್ಟು ಹತ್ತಿರವಿದ್ದಳು. ಸೀಟಿ ಬಿತ್ತು, ಒಂದು ಪಾಯಿಂಟಿಗೆ ಸೋತೆವು. ಟೆಂಪೋದಲ್ಲಿ ದಾರಿಯುದ್ದಕ್ಕೂ ಲಂಗದ ಅಂಚಿಗೆ ಮುಖ ಒರೆಸಿಕೊಳ್ಳುತ್ತಲೇ ಇದ್ದಳು. ಮಾರನೇ ದಿನ ಅವರಮ್ಮ ಬಂದು "ಸಾಕು ಬಿಡಿ ಸಾ, ಓದ್ಕೊಳ್ಳಲಿ" ಎಂದರು.

ಆಮೇಲೆ ನಾನು ದುಡ್ಡು ಸುರಿದೆ. ಒಂಬತ್ತು ಜೊತೆ ಶೂ, ಹೆಚ್ಚುಕಡಿಮೆ ಐದು ಸಾವಿರ, ನನ್ನ ಜೇಬಿಂದ. ಕಾಲಲ್ಲಿ ಬೊಬ್ಬೆ ಎದ್ದು ವಾರಗಟ್ಟಲೆ ಯಾರೂ ಓಡಲಿಲ್ಲ. ನೀಲಗಿರಿ ಕಂಬ ಕೆತ್ತಿಸಿದ್ದಕ್ಕೆ ಬಡಗಿ ಆರುನೂರೋ ಏಳುನೂರೋ ತಗೊಂಡ. ನಯ ಮಾಡಿಸದೆ ಹೂತದ್ದು ನನ್ನ ತಪ್ಪು, ಒಬ್ಬಳ ಅಂಗೈಗೆ ಸಿಬಿರು ಹೊಕ್ಕಿತು. ಬೆಳಿಗ್ಗೆ ಅಭ್ಯಾಸಕ್ಕೆ ಮುಂಚೆ ರಾಗಿ ಗಂಜಿ ಕುಡಿಸಿ ನೋಡಿದೆ. ಇಬ್ಬರು ವಾಂತಿ ಮಾಡಿಕೊಂಡರು. ಅದನ್ನೂ ಬಿಟ್ಟೆ.

2025ರ ಜನವರಿಯಲ್ಲಿ ದೆಹಲಿಯಲ್ಲಿ ಖೋ ಖೋ ವಿಶ್ವಕಪ್ ಆಯ್ತಲ್ವಾ, ಭಾರತದ ಹೆಣ್ಣುಮಕ್ಕಳು ಗೆದ್ದರು. ನಮ್ಮ ಕಡೆಯ ಕುರುಬೂರಿನ ಚೈತ್ರಾ ಆ ತಂಡದಲ್ಲಿದ್ದರು. ಆ ಆಟವನ್ನು ಮಕ್ಕಳಿಗೆ ಫೋನಿನಲ್ಲಿ ತೋರಿಸಿದೆ. ಅವರು ಓಡುವವರನ್ನು ನೋಡಿದರು, ನಾನು ಕೂತವರನ್ನು ನೋಡಿದೆ. ನಮ್ಮವರು ಕೂತಲ್ಲಿಂದ ಓಡುವವಳನ್ನೇ ನೋಡುತ್ತಾ ಆಸೆಗೆ ಬಿದ್ದು ಏಳುತ್ತಿದ್ದರು!

ಜೂನ್‌ನಲ್ಲಿ ಎಂಟೂ ಜನರನ್ನು ಚೌಕದಲ್ಲಿ ಕೂರಿಸಿ ಕಣ್ಣು ಮುಚ್ಚಿಸಿದೆ. ಖೋ ಕೊಡುವವಳು ನಡೆಯಬೇಕು, ಓಡಬಾರದು. ಒಮ್ಮೆ ಬೆನ್ನು ಮುಟ್ಟಿ ಸುಮ್ಮನಿರಬೇಕು, ಒಮ್ಮೆ ಮುಟ್ಟದೆ ಕೂಗಬೇಕು. ಬೆನ್ನಿಗೆ ಕೈ, ಕಿವಿಗೆ ಖೋ, ಎರಡೂ ಬಿದ್ದರಷ್ಟೇ ಏಳುವುದು. ತಪ್ಪಿ ಎದ್ದವಳಿಗೆ ಆ ವಾರ ಶಾಲೆ ಗಂಟೆ ಹೊಡೆಯುವ ಸರದಿ ಇಲ್ಲ. ಬೈಗುಳಕ್ಕಿಂತ ಇದು ಜಾಸ್ತಿ ನಾಟಿತು. ದಿನಾ ಇಪ್ಪತ್ತು ನಿಮಿಷ, ಸುಮಾರು ಎರಡು ತಿಂಗಳು. "ಕಣ್ಣಾಮುಚ್ಚಾಲೆಗೆ ಮೈದಾನ ಬೇಕೇನ್ರೀ?" ಎಂದು ಹೆಡ್‌ಮಾಸ್ಟರು ನಕ್ಕರು.

ಬಿಟ್ಟುಹೋದವಳ ಮನೆಗೆ ಮೂರು ಸಲ ಹೋದೆ. "ಆಡೋದು ಬೇಡಮ್ಮ, ಖೋ ಕೂಗೋಕೆ ಬರಲಿ ಸಾಕು" ಎಂದೆ. ಹದಿನೈದು ದಿನ ಕೂಗಿದಳು. ಆಮೇಲೆ ಒಂದು ಸಂಜೆ ಕೇಳದೆಯೇ ಕಂಬದ ಪಕ್ಕದ ಚೌಕಕ್ಕೆ ಹೋಗಿ ಕಣ್ಣು ಮುಚ್ಚಿ ಕೂತಳು. ತಾಲೂಕು ಫೈನಲ್‌ನಲ್ಲಿ ಕೊನೆಯ ಔಟ್ ಮಾಡಿದ್ದು ಅವಳೇ. ನಮ್ಮ ಫೌಲ್ ಎರಡೋ ಮೂರೋ ಅಷ್ಟೇ.

ಎದ್ದ ಕೂಡಲೇ ಮೊದಲು ಯಾವ ಕಾಲು ಇಡಿಸುತ್ತೇನೆ ಅನ್ನೋದು ಹೇಳಲ್ಲ. ಓದುತ್ತಿರುವವರಲ್ಲಿ ಅರ್ಧ ಜನ ನಮ್ಮ ತಾಲೂಕಿನವರೇ!

ಜಿಲ್ಲೆಯಲ್ಲಿ ಸೆಮಿಫೈನಲ್‌ಗೆ ಸೋತೆವು. ಹಿಂದಿನ ರಾತ್ರಿ ಮಳೆ ಬಂದು ನೆಲ ಜಾರುತ್ತಿತ್ತು. ಈಗ ಶನಿವಾರ ಅಂಗಳಕ್ಕೆ ಹತ್ತು ಬಿಂದಿಗೆ ನೀರು ಹೊಯ್ದು ಆಡಿಸುತ್ತಿದ್ದೇನೆ. ಆ ಶೂಗಳೂ ಮೂಲೆಯಿಂದ ಹೊರಗೆ ಬಂದಿವೆ.